ಫೀಡರ್‌ನ ತುದಿಯಲ್ಲಿ ಇನ್ವರ್ಟರ್: ಮಲೆನಾಡಿನ ಲೈನಿಗೆ ನಿಯಂತ್ರಕವನ್ನು ಹದಗೊಳಿಸುವ ಬಗೆ

ಹೊಸನಗರದ ಕಡೆಯ ಒಂದು ಅಡಿಕೆ ಸಂಸ್ಕರಣಾ ಘಟಕದಲ್ಲಿ 25 ಕಿಲೋವ್ಯಾಟ್‌ನ ಮೂರು ಫೇಸ್ ಸೌರ ಇನ್ವರ್ಟರ್ ಎಂಟು ತಿಂಗಳು ತಕರಾರಿಲ್ಲದೆ ನಡೆದಿತ್ತು. ಅದೇ ಮಾದರಿಯ ಎರಡನೆಯದನ್ನು ಪಕ್ಕದಲ್ಲಿ ಜೋಡಿಸಿದ ದಿನ ಎರಡೂ ಜೀರುಂಡೆಯಂತೆ ಚೀರತೊಡಗಿದವು. ಎರಡೇ ನಿಮಿಷದಲ್ಲಿ ಅತಿ ಕರೆಂಟಿನ ದೋಷ ತೋರಿಸಿ ನಿಂತುಹೋದವು. ಒಂದನ್ನು ಆರಿಸಿದರೆ ಇನ್ನೊಂದು ಸುಸೂತ್ರ. ಯಾವುದನ್ನು ಆರಿಸಿದರೂ ಅಷ್ಟೇ. ಮೂರು ದಿನ ನಿಯಂತ್ರಕದ ಗೇನ್‌ಗಳನ್ನು, ಅಂದರೆ ತಪ್ಪು ಕಂಡಾಗ ಅದು ಎಷ್ಟು ಜೋರಾಗಿ ತಿದ್ದಬೇಕು ಎಂಬ ಅಂಕಿಗಳನ್ನು, ಏರಿಸಿ ಇಳಿಸಿ ನೋಡಿದೆ. ನಾಲ್ಕನೆಯ ದಿನ ಟಿ.ಸಿ.ಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಘಟಕದವರೆಗೆ ಕಂಬಗಳನ್ನು ಎಣಿಸುತ್ತ ನಡೆದಾಗ ಕಾರಣ ಹೊಳೆಯಿತು. ನಿಯಂತ್ರಕ ಆಳುತ್ತಿರುವುದು ಪೆಟ್ಟಿಗೆಯೊಳಗಿನ ಫಿಲ್ಟರನ್ನು ಮಾತ್ರವಲ್ಲ, ಆ ಕಂಬಗಳ ಮೇಲಿನ ತಂತಿಯನ್ನೂ ಕೂಡ. ತಂತಿಯ ಲೆಕ್ಕ ಹಾಕದೆ ಗೇನ್ ಹಾಕಿದ್ದೇ ತಪ್ಪಾಗಿತ್ತು.

ಗ್ರಿಡ್‌ಗೆ ಜೋಡಿಸುವ ಇನ್ವರ್ಟರ್‌ನ ನಿಯಂತ್ರಕವನ್ನು ಇಂಥ ಲೈನಿಗೆ ಹೇಗೆ ಹದಗೊಳಿಸಬೇಕು ಎಂಬುದನ್ನು ಆ ಘಟಕದ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಇನ್ವರ್ಟರ್ ಕಟ್ಟುವವರಿಗೆ, ಚಾಲನೆಗೊಳಿಸುವವರಿಗೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುತ್ತಿರುವವರಿಗೆ ಇದು ನೇರವಾಗಿ ಒದಗುತ್ತದೆ. ಗೇನ್‌ಗಳಿಗೆ ಬೀಗ ಹಾಕಿದ ಸಿದ್ಧ ಇನ್ವರ್ಟರ್ ನಿಮ್ಮಲ್ಲಿದ್ದರೆ ಲೈನ್ ಅಳೆಯುವ ಭಾಗ ಮತ್ತು ಕೊನೆಯ ಎರಡು ಭಾಗಗಳು ಉಪಯೋಗಕ್ಕೆ ಬರುತ್ತವೆ.

ಆವರ್ತನ ದೇಶದ್ದು, ವೋಲ್ಟೇಜ್ ಊರಿನದ್ದು

ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವ್ಯಾಟ್. ಇಷ್ಟು ದೊಡ್ಡ ವಿದ್ಯುದಾಗಾರ ನಮ್ಮ ಮಗ್ಗುಲಲ್ಲಿರುವಾಗ ನಮ್ಮ ಲೈನ್ ದುರ್ಬಲ ಎಂದರೆ ಹಲವರು ನಂಬುವುದಿಲ್ಲ. ಆದರೆ ಆ ವಿದ್ಯುತ್ತು ಹೆಚ್ಚಿನ ವೋಲ್ಟೇಜಿನ ಮಾರ್ಗಗಳಲ್ಲಿ ನಮ್ಮ ತಲೆಯ ಮೇಲೆಯೇ ಹಾದು ದೂರ ಹೋಗುತ್ತದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಕೂಡಿಕೊಂಡಿತು. ಅಂದಿನಿಂದ ನಿಮ್ಮ ಮನೆಯ 50 ಹರ್ಟ್ಜ್ ಇಡೀ ದೇಶದ ಯಂತ್ರಗಳು ಸೇರಿ ಹಿಡಿದಿರುವ ಆವರ್ತನ. ನಿಮ್ಮ ಇನ್ವರ್ಟರ್ ಅದನ್ನು ಕದಲಿಸಲಾರದು. ವೋಲ್ಟೇಜ್ ಹಾಗಲ್ಲ. ಅದನ್ನು ತೀರ್ಮಾನಿಸುವುದು ಊರಿನ ಟಿ.ಸಿ. ಮತ್ತು ಅಲ್ಲಿಂದ ನಿಮ್ಮ ಮೀಟರ್‌ವರೆಗಿನ ಎಲ್.ಟಿ. (ಕಡಿಮೆ ವೋಲ್ಟೇಜಿನ) ತಂತಿ. ಅದನ್ನು ನಿಮ್ಮ ಇನ್ವರ್ಟರ್ ಚೆನ್ನಾಗಿಯೇ ಅಲುಗಾಡಿಸಬಲ್ಲದು.

ಮೊದಲ ಹೆಜ್ಜೆ: ಲೈನನ್ನು ಅಳೆಯಿರಿ

ಮೊದಲು ಕಾಗದದ ಮೇಲೆ ಲೆಕ್ಕ. ನಮ್ಮ ಘಟಕಕ್ಕೆ ವಿದ್ಯುತ್ ಬರುತ್ತಿದ್ದುದು 63 ಕೆ.ವಿ.ಎ. ಟಿ.ಸಿ.ಯಿಂದ. ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ಒಟ್ಟು ತಡೆ) ಶೇ 4.5. ದ್ವಿತೀಯಕ ವೋಲ್ಟೇಜ್ 433 ಎಂದು ಹಿಡಿದರೆ ಇದು ಸುಮಾರು 0.13 ಓಮ್, ಅದರಲ್ಲಿ ರಿಯಾಕ್ಟೆನ್ಸ್ (ಸುರುಳಿ, ಕೆಪಾಸಿಟರ್‌ಗಳು ಎ.ಸಿ.ಗೆ ಒಡ್ಡುವ ತಡೆ) 0.12, ರೋಧ 0.06 (ಇವೆರಡೂ ನೇರವಾಗಿ ಕೂಡುವುದಿಲ್ಲ). ಟಿ.ಸಿ.ಯಿಂದ ಘಟಕಕ್ಕೆ 500 ಮೀಟರ್ ರ‍್ಯಾಬಿಟ್ ಎಂಬ ಗಾತ್ರದ ತಂತಿ. ಕಿಲೋಮೀಟರಿಗೆ ಸುಮಾರು 0.55 ಓಮ್ ರೋಧ, 0.3 ಓಮ್‌ನಷ್ಟು ರಿಯಾಕ್ಟೆನ್ಸ್ ಎಂದು ಹಿಡಿಯಿರಿ: 0.27 ಮತ್ತು 0.15 ಓಮ್. ಉಪಕೇಂದ್ರದಿಂದ ಬರುವ 11 ಕೆ.ವಿ. ಮಾರ್ಗ ಇಪ್ಪತ್ತು ಕಿಲೋಮೀಟರ್ ಇದ್ದರೂ ಟಿ.ಸಿ.ಯ ಈಚೆಗೆ ತಂದು ನೋಡಿದರೆ ಅದರ ಪಾಲು 0.02 ಓಮ್ ಆಸುಪಾಸು. ನಾವೆಲ್ಲ ದೂರುವುದು ಕಾಡಿನ ನಡುವೆ ಹಾದುಬರುವ 11 ಕೆ.ವಿ. ಲೈನನ್ನು, ಅದು ಕಡಿದು ಬೀಳುವುದೂ ನಿಜ. ಆದರೆ ನಿಯಂತ್ರಕಕ್ಕೆ ತೊಡಕಾಗುವುದು ಕೊನೆಯ ಅರ್ಧ ಕಿಲೋಮೀಟರ್.

ಒಟ್ಟು ರೋಧ 0.35 ಓಮ್, ರಿಯಾಕ್ಟೆನ್ಸ್ 0.29 ಓಮ್. ಇಂಡಕ್ಟೆನ್ಸ್ ಲೆಕ್ಕದಲ್ಲಿ 0.93 ಮಿಲಿಹೆನ್ರಿ. ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ (ಲೈನ್ ಎಷ್ಟು ಗಟ್ಟಿ ಎಂಬುದರ ಅಳತೆ) 410 ಕೆ.ವಿ.ಎ. ಹತ್ತಿರ, 25 ಕಿಲೋವ್ಯಾಟಿಗೆ ಹದಿನಾರು ಪಟ್ಟು. ಪಠ್ಯಪುಸ್ತಕದ ಪ್ರಕಾರ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ದುರ್ಬಲ ಗ್ರಿಡ್. ಹದಿನಾರು ಎಂದರೆ ಗಟ್ಟಿ ಎಂದು ನಂಬಿ ನಾನು ಮೋಸಹೋದೆ. ಆ ಅಳತೆ ದೊಡ್ಡ ಪ್ರಸರಣ ಮಾರ್ಗಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಎಲ್.ಟಿ. ಲೈನಿನಲ್ಲಿ ರಿಯಾಕ್ಟೆನ್ಸ್‌ಗಿಂತ ರೋಧವೇ ಹೆಚ್ಚು. ಇದರ ಫಲವನ್ನು ಮುಂದೆ ನೋಡುವಿರಿ.

ಕಾಗದದ ಲೆಕ್ಕವನ್ನು ಸ್ಥಳದಲ್ಲಿ ತಾಳೆ ನೋಡಲೇಬೇಕು. ತಂತಿಯ ಜೋಡಣೆ ಸಡಿಲವಿದ್ದರೆ, ನಡುವೆ ಯಾವುದೋ ಕಾಲದಲ್ಲಿ ಸಣ್ಣ ತಂತಿ ಹಾಕಿದ್ದರೆ ಅದು ನಕ್ಷೆಯಲ್ಲಿ ಕಾಣುವುದಿಲ್ಲ. ಇನ್ವರ್ಟರ್ ಆರಿಸಿ. ಲೈನಿನಲ್ಲಿ ಓಡಾಟ ಕಡಿಮೆ ಇರುವ ಹೊತ್ತು ನೋಡಿ, ಫೇಸಿಗೆ ಒಂದರಂತೆ 3 ಕಿಲೋವ್ಯಾಟ್ ಹೀಟರ್ ಹಚ್ಚಿ. ಫೇಸಿಗೆ 12.5 ಆಂಪಿಯರ್ ಹರಿಯುತ್ತದೆ. ವೋಲ್ಟೇಜ್ ಎಷ್ಟು ಇಳಿಯಿತೋ ಅದನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ನಮಗೆ 4.4 ವೋಲ್ಟಿನಷ್ಟು ಇಳಿಯಬೇಕು. ಅನಂತರ ಹೀಟರ್ ತೆಗೆದು, ಪಂಪ್‌ಸೆಟ್ಟಿಗೆ ಬಳಸುವ 10 ಕೆ.ವಿ.ಎ.ಆರ್. ಕೆಪಾಸಿಟರ್ ಜೋಡಿಸಿ. ಈಗ ವೋಲ್ಟೇಜ್ ಏರುತ್ತದೆ, 13.9 ಆಂಪಿಯರಿಗೆ 4 ವೋಲ್ಟ್ ಏರಿದರೆ ರಿಯಾಕ್ಟೆನ್ಸ್ 0.29 ಓಮ್. ನೆರೆಮನೆಯ ಮಿಕ್ಸಿಯೂ ಅಳತೆಯನ್ನು ಕೆಡಿಸುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಕೆಪಾಸಿಟರನ್ನು ಮತ್ತೆ ಹಚ್ಚುವ ಮೊದಲು ಅದು ಪೂರ್ತಿ ಬರಿದಾಗಲು ಬಿಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಜೊತೆಗಿಲ್ಲದೆ, ಮೆಸ್ಕಾಂ ಶಾಖಾ ಕಚೇರಿಗೆ ತಿಳಿಸದೆ ಇದಕ್ಕೆ ಕೈಹಾಕಬೇಡಿ.

ಇನ್ವರ್ಟರ್‌ನ ಮುಚ್ಚಳ ತೆಗೆಯುವವರಿಗೆ ಇನ್ನೊಂದು ಮಾತು. 700 ವೋಲ್ಟಿನ ಡಿ.ಸಿ. ಬಸ್‌ನಲ್ಲಿ (ಸೌರ ಫಲಕಗಳ ವಿದ್ಯುತ್ತನ್ನು ಕೆಪಾಸಿಟರ್ ಹಿಡಿದಿಡುವ ಒಳಭಾಗ) 1,000 ಮೈಕ್ರೊಫ್ಯಾರಡ್ ಇದ್ದರೆ ಆರಿಸಿದ ಮೇಲೂ 245 ಜೂಲ್ ಶಕ್ತಿ ಒಳಗೆ ಕೂತಿರುತ್ತದೆ. ಜೀವ ತೆಗೆಯಲು ಅದು ಧಾರಾಳ ಸಾಕು. ಕಾಯಿರಿ, ಮೀಟರ್ ಹಿಡಿದು ನೋಡಿ, ಆಮೇಲೆ ಕೈಯಿಡಿ.

ಎರಡನೆಯ ಹೆಜ್ಜೆ: ಫಿಲ್ಟರ್‌ನ ಅನುರಣನ ಎಲ್ಲಿ ಕೂತಿದೆ?

ಅನುರಣನ ಎಂದರೆ ಸುರುಳಿ ಮತ್ತು ಕೆಪಾಸಿಟರ್ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಜೋರಾಗಿ ಕಂಪಿಸುವುದು. ಚೀರಾಟದ ಗುಟ್ಟು ಇಲ್ಲಿದೆ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಮ್ಮ ಇನ್ವರ್ಟರ್‌ನ ಫಿಲ್ಟರ್ ಎಲ್.ಸಿ.ಎಲ್. (ಸುರುಳಿ-ಕೆಪಾಸಿಟರ್-ಸುರುಳಿ) ಮಾದರಿಯದು: ಇನ್ವರ್ಟರ್ ಕಡೆ 1.5 ಮಿಲಿಹೆನ್ರಿ, ನಡುವೆ 10 ಮೈಕ್ರೊಫ್ಯಾರಡ್, ಗ್ರಿಡ್ ಕಡೆ 0.5 ಮಿಲಿಹೆನ್ರಿ. ಗ್ರಿಡ್ ಕಡೆಯ ಸುರುಳಿಯ ಜೊತೆ ಲೈನಿನ ಇಂಡಕ್ಟೆನ್ಸ್ ಸರಣಿಯಲ್ಲಿ ಕೂಡಿಕೊಳ್ಳುತ್ತದೆ. ಆ ಮೊತ್ತವನ್ನು 1.5 ಮಿಲಿಹೆನ್ರಿಯೊಂದಿಗೆ ಸಮಾಂತರವಾಗಿ ಹಿಡಿದು, ಕೆಪಾಸಿಟರ್ ಜೊತೆ ಸೇರಿಸಿದರೆ ಅನುರಣನದ ಆವರ್ತನ ಸಿಗುತ್ತದೆ.

ಪ್ರಯೋಗಾಲಯದ ಗಟ್ಟಿ ಗ್ರಿಡ್‌ನಲ್ಲಿ ಅದು 2,600 ಹರ್ಟ್ಜ್. ಘಟಕದ 0.93 ಮಿಲಿಹೆನ್ರಿ ಸೇರಿದಾಗ 1,860. ಎರಡು ಒಂದೇ ಬಗೆಯ ಇನ್ವರ್ಟರ್‌ಗಳು ಒಂದೇ ಜಾಗದಲ್ಲಿ ನಡೆದರೆ ಲೈನಿನಲ್ಲಿ ಎರಡರ ಕರೆಂಟೂ ಹರಿಯುತ್ತದೆ. ಪ್ರತಿಯೊಂದಕ್ಕೂ ಲೈನ್ ಇಮ್ಮಡಿಯಾಗಿ ಕಾಣುತ್ತದೆ. ಅಂದರೆ 1.86 ಮಿಲಿಹೆನ್ರಿ, ಅನುರಣನ 1,660 ಹರ್ಟ್ಜ್.

ಈಗ ಇನ್ನೊಂದು ಸಂಖ್ಯೆ. ನಿಯಂತ್ರಕ ಸೆಕೆಂಡಿಗೆ 10,000 ಸಲ ಅಳೆದು ಲೆಕ್ಕ ಮಾಡುತ್ತದೆ. ಲೆಕ್ಕಕ್ಕೆ ಒಂದು ಅವಧಿ, ಅದು ಹೊರಗೆ ಕಾಣಲು ಅರ್ಧ ಅವಧಿ, ಒಟ್ಟು 150 ಮೈಕ್ರೊಸೆಕೆಂಡ್ ತಡ. ಈ ತಡದಿಂದಾಗಿ ಅಳತೆಯ ಆವರ್ತನದ ಆರನೆಯ ಒಂದು ಭಾಗ, ಅಂದರೆ 1,667 ಹರ್ಟ್ಜ್, ಒಂದು ಗಡಿಯಾಗುತ್ತದೆ. ಗ್ರಿಡ್ ಕಡೆಯ ಕರೆಂಟನ್ನು ಅಳೆದು ನಿಯಂತ್ರಿಸುವ ಇನ್ವರ್ಟರ್‌ನಲ್ಲಿ ಅನುರಣನ ಈ ಗಡಿಯ ಮೇಲಿದ್ದರೆ ಡ್ಯಾಂಪಿಂಗ್ (ಕಂಪನವನ್ನು ತಣಿಸುವ ಏರ್ಪಾಡು) ಇಲ್ಲದೆಯೂ ಸ್ಥಿರವಾಗಿರಬಹುದು. ಗಡಿಗೆ ಬಂದರೆ, ಅದರ ಕೆಳಗಿಳಿದರೆ, ಡ್ಯಾಂಪಿಂಗ್ ಇಲ್ಲದೆ ನಿಲ್ಲುವುದಿಲ್ಲ. ಇನ್ವರ್ಟರ್ ಕಡೆಯ ಕರೆಂಟನ್ನು ಅಳೆಯುವುದಾದರೆ ಈ ನಿಯಮ ತಿರುಗುಮುರುಗು. ನಮ್ಮದು ಗ್ರಿಡ್ ಕಡೆಯ ಅಳತೆ. ಒಂದೇ ಇನ್ವರ್ಟರ್ 1,860ರಲ್ಲಿ ಸುರಕ್ಷಿತ. ಎರಡು ಸೇರಿದ ಕೂಡಲೇ ಗಡಿಯ ಮೇಲೆಯೇ ಬಂದು ನಿಂತಿತ್ತು.

ಪರಿಹಾರ ಸರಳ. ಪ್ರತಿ ಫಿಲ್ಟರ್ ಕೆಪಾಸಿಟರ್ ಜೊತೆ ಸರಣಿಯಲ್ಲಿ ಒಂದು ರೋಧಕ ಹಾಕಿ. ಅನುರಣನದ ಆವರ್ತನದಲ್ಲಿ ಕೆಪಾಸಿಟರ್‌ನ ರಿಯಾಕ್ಟೆನ್ಸ್‌ನ ಮೂರನೆಯ ಒಂದು ಭಾಗ ಎಂಬುದು ರೂಢಿಯ ಸೂತ್ರ. ಪ್ರಯೋಗಾಲಯದ 2,600 ಹರ್ಟ್ಜ್‌ಗೆ ಆ ಪ್ರಕಾರ 2 ಓಮ್ ಬರುತ್ತದೆ. ಎರಡು ಇನ್ವರ್ಟರ್ ಕೂಡಿದ ಸ್ಥಿತಿಯಲ್ಲಿ 2 ಓಮ್‌ಗೆ ಅನುರಣನದ ತುದಿಯಲ್ಲಿ ಲೂಪ್ ಗೇನ್ (ಅಳೆದು ತಿದ್ದುವ ಇಡೀ ಸುತ್ತಿನ ಗೇನ್) 0.76 ಉಳಿಯುತ್ತದೆ, 1ಕ್ಕಿಂತ ಕಡಿಮೆಯಾದ್ದರಿಂದ ಸ್ಥಿರ ಹೌದು, ಆದರೆ ಇಕ್ಕಟ್ಟು. 3 ಓಮ್ ಹಾಕಿದರೆ 0.52ಕ್ಕೆ ಇಳಿಯುತ್ತದೆ. ನಾನು 3 ಓಮ್ ಆರಿಸಿದೆ. ರಿಪಲ್ ಕರೆಂಟೂ (ಸ್ವಿಚಿಂಗ್‌ನಿಂದ ಏಳುವ ಸಣ್ಣ ಅಲೆ) ಸೇರಿ ಒಂದೊಂದು ರೋಧಕದಲ್ಲಿ ಹತ್ತು ಹದಿನೈದು ವ್ಯಾಟ್ ಉರಿಯಬಹುದು. 50 ವ್ಯಾಟಿನ ವೈರ್‌ವೌಂಡ್ ಹಾಕಿ, ಗಾಳಿ ಆಡುವ ಕಡೆ ಕೂರಿಸಿ. ತಂತ್ರಾಂಶದಿಂದಲೇ ಡ್ಯಾಂಪಿಂಗ್ ಮಾಡುವ ವಿಧಾನಗಳಿವೆ, ದಕ್ಷತೆಯೂ ತುಸು ಹೆಚ್ಚು ಸಿಗುತ್ತದೆ. ಆದರೆ ಅವುಗಳಿಗೂ ಅದೇ 150 ಮೈಕ್ರೊಸೆಕೆಂಡಿನ ತಡ ಅಂಟಿಕೊಂಡಿದೆ, ಲೈನ್ ಬದಲಾದರೆ ಅವುಗಳ ಹದವೂ ತಪ್ಪುತ್ತದೆ. ಕಾಡಂಚಿನ ಊರಿಗೆ ರೋಧಕವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಟ್ಟರೆ ಕಣ್ಣಿಗೆ ಕಾಣುತ್ತದೆ, ಸಾಗರದ ಅಂಗಡಿಯಲ್ಲಿ ಸಿಗದಿದ್ದರೆ ಶಿವಮೊಗ್ಗದಿಂದ ತರಿಸಬಹುದು.

ಮೂರನೆಯ ಹೆಜ್ಜೆ: ಕರೆಂಟ್ ಲೂಪ್

ಒಳಗಿನ ಲೂಪನ್ನು ಮೊದಲು ಹದಗೊಳಿಸಿ, ಆಮೇಲೆ ಹೊರಗಿನದು. ಈ ಕ್ರಮ ತಪ್ಪಿಸಬೇಡಿ.

ಸೆನ್ಸರ್‌ಗಳ ಶೂನ್ಯವನ್ನು ಸರಿಪಡಿಸಿಕೊಳ್ಳಿ. ಕರೆಂಟ್ ಶೂನ್ಯವಿದ್ದಾಗ ಸೆನ್ಸರ್ ಅರ್ಧ ಆಂಪಿಯರ್ ತೋರಿಸಿದರೆ ನಿಯಂತ್ರಕ ಅಷ್ಟೇ ಡಿ.ಸಿ.ಯನ್ನು ಗ್ರಿಡ್‌ಗೆ ನಿಷ್ಠೆಯಿಂದ ತಳ್ಳುತ್ತದೆ. ಗ್ರಿಡ್‌ಗೆ ಹೋಗುವ ಡಿ.ಸಿ. ಇನ್ವರ್ಟರ್‌ನ ಪೂರ್ಣ ಕರೆಂಟಿನ ಶೇ 0.5 ಮೀರಬಾರದು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ. 35 ಆಂಪಿಯರಿಗೆ ಅದು 0.17 ಆಂಪಿಯರ್ ಮಾತ್ರ.

ಪಿ.ಐ. ನಿಯಂತ್ರಕದಲ್ಲಿ ಪಿ ಭಾಗ ಈಗಿನ ತಪ್ಪಿಗೆ, ಐ ಭಾಗ ಕೂಡುತ್ತ ಬಂದ ತಪ್ಪಿಗೆ ಸ್ಪಂದಿಸುತ್ತದೆ. ಪಿ ಗೇನ್ ಎಂದರೆ ಬ್ಯಾಂಡ್‌ವಿಡ್ತ್ (ಲೂಪ್ ಎಷ್ಟು ವೇಗದ ಬದಲಾವಣೆಯನ್ನು ಹಿಂಬಾಲಿಸಬಲ್ಲದು ಎಂಬ ಅಳತೆ) ಗುಣಿಸು ಇಂಡಕ್ಟೆನ್ಸ್. ಬ್ಯಾಂಡ್‌ವಿಡ್ತನ್ನು ಅಳತೆಯ ಆವರ್ತನದ ಇಪ್ಪತ್ತನೆಯ ಒಂದು ಭಾಗ, 500 ಹರ್ಟ್ಜ್ ಎಂದಿಟ್ಟುಕೊಳ್ಳಿ, ರೇಡಿಯನ್‌ನಲ್ಲಿ 3,142. ಇಂಡಕ್ಟೆನ್ಸ್ ಎಂದು ಫಿಲ್ಟರ್‌ನ ಎರಡೂ ಸುರುಳಿ ಸೇರಿದ 2 ಮಿಲಿಹೆನ್ರಿಯನ್ನು ಮಾತ್ರ ಹಿಡಿಯಿರಿ. ಪಿ ಗೇನ್ ಆಂಪಿಯರಿಗೆ 6.28 ವೋಲ್ಟ್. ಐ ಗೇನ್ ಇದರ 314 ಪಟ್ಟು, ಸುಮಾರು 1,970. 90 ಡಿಗ್ರಿಯಲ್ಲಿ ತಡದಿಂದ 27 ಡಿಗ್ರಿ, ಐ ಭಾಗದಿಂದ 6 ಡಿಗ್ರಿ ಹೋಗಿ 57 ಡಿಗ್ರಿ ಫೇಸ್ ಮಾರ್ಜಿನ್ (ಲೂಪ್ ಅಸ್ಥಿರವಾಗುವ ಮೊದಲು ಇರುವ ಅಂತರ) ಉಳಿಯುತ್ತದೆ. ಒಳ್ಳೆಯ ಆರಂಭ.

ಲೈನಿನ 0.93 ಮಿಲಿಹೆನ್ರಿಯನ್ನು ಏಕೆ ಸೇರಿಸಲಿಲ್ಲ ಎಂದು ನೀವು ಕೇಳಬಹುದು. ಸೇರಿಸದಿದ್ದರೆ ಬ್ಯಾಂಡ್‌ವಿಡ್ತ್ ಸ್ಥಳದಲ್ಲಿ 340 ಹರ್ಟ್ಜ್‌ಗೆ ಇಳಿಯುತ್ತದೆ, ಲೂಪ್ ತುಸು ನಿಧಾನವಾಗುತ್ತದೆ, ಅಷ್ಟೇ. ಸೇರಿಸಿ ಗೇನ್ ಏರಿಸಿದರೆ, ನಾಳೆ ಟಿ.ಸಿ.ಯನ್ನು ನಿಮ್ಮ ಅಂಗಳದ ಪಕ್ಕಕ್ಕೇ ತಂದು ಕೂರಿಸಿದಾಗ ಲೂಪ್ ಅತಿವೇಗವಾಗಿ ಮಾರ್ಜಿನ್ ಕಳೆದುಕೊಳ್ಳುತ್ತದೆ. ನಿಧಾನದಿಂದ ಯಾವ ಯಂತ್ರವೂ ಸುಡಲಿಲ್ಲ.

ಸಂಖ್ಯೆಗಳನ್ನು ತಂತ್ರಾಂಶಕ್ಕೆ ತುಂಬುವಾಗ ಘಟಕಮಾನ ನೋಡಿಕೊಳ್ಳಿ. ಮಾಡ್ಯುಲೇಷನ್ ಸೂಚ್ಯಂಕ (ವೋಲ್ಟಿನ ಬದಲು ಡಿ.ಸಿ. ವೋಲ್ಟೇಜಿನ ಪಾಲಾಗಿ ಹೇಳುವ ಅಂಕಿ) ಬೇಡುವ ತಂತ್ರಾಂಶಕ್ಕೆ 6.28 ಅನ್ನು ಡಿ.ಸಿ. ವೋಲ್ಟೇಜಿನ ಅರ್ಧದಿಂದ, ಅಂದರೆ 350ರಿಂದ ಭಾಗಿಸಿ 0.018 ಕೊಡಬೇಕು. ಐ ಗೇನನ್ನು ಅದೇ ರೀತಿ ಭಾಗಿಸಿ, ಅಳತೆಯ ಅವಧಿಯಿಂದಲೂ ಗುಣಿಸಬೇಕು. ಇಲ್ಲಿ ಎಡವಿದವರನ್ನು ನಾನು ಬಹಳ ಕಂಡಿದ್ದೇನೆ.

ಪರೀಕ್ಷೆಗೆ ಕರೆಂಟಿನ ಗುರಿಯನ್ನು 5ರಿಂದ 10 ಆಂಪಿಯರಿಗೆ ಒಮ್ಮೆಲೇ ಏರಿಸಿ, ಆಸಿಲೋಸ್ಕೋಪಿನಲ್ಲಿ ನೋಡಿ. ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಏರಬೇಕು, ಗುರಿಯನ್ನು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ದಾಟಬಾರದು, ಒಂದೆರಡು ಅಲೆಗಳಲ್ಲಿ ತಣಿಯಬೇಕು. ಕಿಲೋಹರ್ಟ್ಜ್ ಮಟ್ಟದ ಸಣ್ಣ ಕಂಪನ ಉಳಿದರೆ ಅದು ಡ್ಯಾಂಪಿಂಗ್‌ನ ಸಮಸ್ಯೆ, ಎರಡನೆಯ ಹೆಜ್ಜೆಗೆ ಹಿಂದಿರುಗಿ. ನೂರಾರು ಹರ್ಟ್ಜ್‌ನಲ್ಲಿ ತೂಗಾಡಿದರೆ ಮೊದಲು ಗ್ರಿಡ್ ವೋಲ್ಟೇಜಿನ ಫೀಡ್‌ಫಾರ್ವರ್ಡನ್ನು (ಅಳೆದ ವೋಲ್ಟೇಜನ್ನು ನಿಯಂತ್ರಕದ ಆದೇಶಕ್ಕೆ ನೇರವಾಗಿ ಸೇರಿಸುವುದು) ಶಂಕಿಸಿ. ದುರ್ಬಲ ಲೈನಿನಲ್ಲಿ ಇನ್ವರ್ಟರ್ ತಾನೇ ಅಲುಗಿಸಿದ ವೋಲ್ಟೇಜನ್ನು ತಾನೇ ಅಳೆದು ಮತ್ತೆ ಸೇರಿಸಿಕೊಳ್ಳುತ್ತದೆ. ಕಿಚ್ಚಿಗೆ ತುಪ್ಪ ಸುರಿದಂತೆ. ಆ ಸಂಕೇತಕ್ಕೆ ಫಿಲ್ಟರ್ ಹಾಕಿ, ಮೂಲ ಆವರ್ತನದ ಭಾಗವನ್ನಷ್ಟೇ ಬಿಡಿ.

ನಮ್ಮ ಕಡೆ ಮರೆಯಬಾರದ ಇನ್ನೊಂದು ಕಾರಣ ಪಕ್ಕದ ತೋಟದ ಪಂಪ್‌ಸೆಟ್ ಕೆಪಾಸಿಟರ್. 10 ಕೆ.ವಿ.ಎ.ಆರ್. ಕೆಪಾಸಿಟರ್ ನಿಮ್ಮ ಹತ್ತಿರವೇ ಇದ್ದರೆ, 0.93 ಮಿಲಿಹೆನ್ರಿ ಲೈನಿನೊಂದಿಗೆ ಅದು 384 ಹರ್ಟ್ಜ್‌ನಲ್ಲಿ ಅನುರಣಿಸುತ್ತದೆ. ಅದು 50 ಹರ್ಟ್ಜ್‌ನ ಏಳು ಪಟ್ಟಾದ ಏಳನೆಯ ಹಾರ್ಮೋನಿಕ್‌ಗೂ ಹತ್ತಿರ, ನಮ್ಮ ಲೂಪಿನ 340 ಹರ್ಟ್ಜ್‌ಗೂ ಹತ್ತಿರ. ಪಂಪ್ ನಡೆಯುವಾಗ ಒಮ್ಮೆ, ನಿಂತಾಗ ಒಮ್ಮೆ ಪರೀಕ್ಷೆ ಮಾಡಿ. ಪಂಪ್ ನಡೆಯುವಾಗ ಮಾತ್ರ ತೂಗಾಟ ಕಂಡರೆ ಪಿ ಗೇನನ್ನು ಮೂರನೆಯ ಒಂದು ಭಾಗ ಇಳಿಸಿ ನೋಡಿ.

ನಾಲ್ಕನೆಯ ಹೆಜ್ಜೆ: ಡಿ.ಸಿ. ವೋಲ್ಟೇಜ್ ಲೂಪ್

ಇದು ಕರೆಂಟ್ ಲೂಪಿಗಿಂತ ಹತ್ತು ಪಟ್ಟು ನಿಧಾನವಿರಲಿ. 30 ಹರ್ಟ್ಜ್ ಎಂದಿಟ್ಟುಕೊಂಡರೆ 700 ವೋಲ್ಟ್, 1,000 ಮೈಕ್ರೊಫ್ಯಾರಡ್‌ಗೆ ಪಿ ಗೇನ್ ವೋಲ್ಟಿಗೆ 0.26 ಆಂಪಿಯರ್, ಐ ಗೇನ್ 12. ವೇಗ ಹೆಚ್ಚಿಸುವ ಆಸೆ ಬೇಡ. ಹಳ್ಳಿಯ ಲೈನಿನಲ್ಲಿ ಒಂದು ಫೇಸಿಗೆ ಮನೆಗಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಈ ಅಸಮತೋಲನದಿಂದ ಡಿ.ಸಿ. ಬಸ್‌ನಲ್ಲಿ 100 ಹರ್ಟ್ಜ್ ಅಲೆ ಏಳುತ್ತದೆ. ಲೂಪ್ ವೇಗವಾಗಿದ್ದರೆ ಆ ಅಲೆಯ ಬೆನ್ನು ಹತ್ತಿ ಗ್ರಿಡ್ ಕರೆಂಟಿನಲ್ಲಿ ಮೂರನೆಯ ಹಾರ್ಮೋನಿಕ್ ತುಂಬುತ್ತದೆ.

ಐದನೆಯ ಹೆಜ್ಜೆ: ಪಿ.ಎಲ್.ಎಲ್.

ಗ್ರಿಡ್‌ನ ಕೋನವನ್ನು ಹಿಂಬಾಲಿಸುವ ಪಿ.ಎಲ್.ಎಲ್. (ಫೇಸ್ ಲಾಕ್ಡ್ ಲೂಪ್) ಎಷ್ಟು ಚುರುಕಾದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಗಟ್ಟಿ ಗ್ರಿಡ್‌ನಲ್ಲಿ ಹುಟ್ಟಿದ್ದು. ನಮ್ಮ ಲೈನಿನಲ್ಲಿ ಇನ್ವರ್ಟರ್ ಕರೆಂಟ್ ಬದಲಿಸಿದರೆ ವೋಲ್ಟೇಜಿನ ಕೋನವೂ ಕದಲುತ್ತದೆ, ಚುರುಕಾದ ಪಿ.ಎಲ್.ಎಲ್. ಅದನ್ನು ಹಿಂಬಾಲಿಸಿ ಕರೆಂಟನ್ನು ಮತ್ತೆ ಬದಲಿಸುತ್ತದೆ. ತನ್ನ ನೆರಳನ್ನು ತಾನೇ ಅಟ್ಟಿದ ಹಾಗೆ. ಸ್ವಾಭಾವಿಕ ಆವರ್ತನ 10 ಹರ್ಟ್ಜ್, ಡ್ಯಾಂಪಿಂಗ್ 0.707 ಇಡಿ. ವೋಲ್ಟೇಜನ್ನು 1 ಎಂದು ಸಾಮಾನ್ಯೀಕರಿಸಿದ್ದರೆ ಪಿ ಗೇನ್ 89, ಐ ಗೇನ್ 3,950. ಸುಮಾರು 0.1 ಸೆಕೆಂಡಿನಲ್ಲಿ ನೆಲೆಗೊಳ್ಳುತ್ತದೆ. ಆವರ್ತನ ದೇಶದ್ದಾದ್ದರಿಂದ ಅದು ದಿಢೀರನೆ ಓಡುವುದಿಲ್ಲ, ಈ ವೇಗ ಸಾಕು. ಫೇಸ್‌ಗಳ ಅಸಮತೋಲನ ಹೆಚ್ಚಿದ್ದರೆ ಧನಾತ್ಮಕ ಕ್ರಮದ ವೋಲ್ಟೇಜನ್ನು (ಮೂರು ಫೇಸ್‌ಗಳ ಸಮತೋಲಿತ ಭಾಗ) ಬೇರ್ಪಡಿಸಿ ಪಿ.ಎಲ್.ಎಲ್.ಗೆ ಕೊಡಿ.

5 ಎಚ್.ಪಿ. ಪಂಪನ್ನು ನೇರವಾಗಿ ಚಾಲೂ ಮಾಡಿಸಿ ನೋಡುವುದು ಇದಕ್ಕೆ ಒಳ್ಳೆಯ ಪರೀಕ್ಷೆ. ಆರಂಭದಲ್ಲಿ 40 ಆಂಪಿಯರ್ ಎಳೆದು ಅದು ಫೇಸ್ ವೋಲ್ಟೇಜನ್ನು ಹದಿನೈದು ಹದಿನೆಂಟು ವೋಲ್ಟ್ ತಗ್ಗಿಸುತ್ತದೆ. ಆಗ ಇನ್ವರ್ಟರ್ ಕೈಬಿಡದೆ ನಡೆಯಬೇಕು. ಬಿಟ್ಟರೆ ಪಿ.ಎಲ್.ಎಲ್. ಮತ್ತು ಐ ಭಾಗಗಳ ಮಿತಿಗಳನ್ನು ನೋಡಿ; ಮಿತಿ ತಟ್ಟಿದಾಗ ಐ ಭಾಗ ಬೆಳೆಯುತ್ತ ಹೋಗದಂತೆ ತಡೆ ಇರಲೇಬೇಕು.

ಆರನೆಯ ಹೆಜ್ಜೆ: ನಡುಹಗಲ ವೋಲ್ಟೇಜ್

ಫೆಬ್ರುವರಿ, ಮಾರ್ಚಿನ ಬಿರುಬಿಸಿಲಿನಲ್ಲಿ ಇನ್ವರ್ಟರ್ ಮತ್ತೆ ಮತ್ತೆ ನಿಲ್ಲುತ್ತದೆ ಎಂಬ ದೂರಿಗೆ ಬಹುಪಾಲು ಕಾರಣ ಇದು. ಕರೆಂಟ್ ಎಳೆಯುವವರಿಲ್ಲದಾಗ ಟಿ.ಸಿ.ಯ ಫೇಸ್ ವೋಲ್ಟೇಜ್ 250. ಇನ್ವರ್ಟರ್ 25 ಕಿಲೋವ್ಯಾಟನ್ನು 0.35 ಓಮ್ ರೋಧದ ಮೂಲಕ ತಳ್ಳಿದರೆ ಫೇಸಿಗೆ 11.7 ವೋಲ್ಟ್ ಏರುತ್ತದೆ: 262. ಎರಡು ಇನ್ವರ್ಟರ್‌ಗಳಾದರೆ 273. ನಿಯಮದಂತೆ ವೋಲ್ಟೇಜ್ ಶೇ 80ರಿಂದ 110ರ ಹೊರಗೆ ಹೋದರೆ ಎರಡು ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು. 240ಕ್ಕೆ ಶೇ 110 ಎಂದರೆ 264.

ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹಿಂದೆ ಮುಂದೆ ಹರಿದಾಡುವ ಶಕ್ತಿ) ಹೀರಿಕೊಂಡರೆ ವೋಲ್ಟೇಜ್ ಇಳಿಯುತ್ತದೆ, ಆದರೆ ಅದು ಕೆಲಸ ಮಾಡುವುದು ರಿಯಾಕ್ಟೆನ್ಸ್ ಮೂಲಕ. ನಮ್ಮಲ್ಲಿ ಅದೇ ಕಡಿಮೆ. 0.9 ಪವರ್ ಫ್ಯಾಕ್ಟರ್‌ನಲ್ಲಿ ನಡೆಸಿದರೆ 22.5 ಕಿಲೋವ್ಯಾಟ್‌ನಿಂದ 10.5 ವೋಲ್ಟ್ ಏರಿ, 10.9 ಕೆ.ವಿ.ಎ.ಆರ್.ನಿಂದ 4.2 ಇಳಿದು, ಇನ್ವರ್ಟರ್ ಒಂದಕ್ಕೆ 6.3 ವೋಲ್ಟ್ ನಿವ್ವಳ ಏರಿಕೆ. ಎರಡಕ್ಕೂ ಸೇರಿ 263ರ ಹತ್ತಿರ. ಕೂದಲೆಳೆಯ ಅಂತರ. ಆದ್ದರಿಂದ ಇದರ ಜೊತೆಗೆ 258 ವೋಲ್ಟ್ ದಾಟಿದಂತೆ ಉತ್ಪಾದನೆಯನ್ನೇ ಮೆಲ್ಲಗೆ ತಗ್ಗಿಸುವ ಇಳಿಜಾರನ್ನೂ ಇಡಿ. ನಿಂತು ಐದು ನಿಮಿಷ ಕಾಯುವುದಕ್ಕಿಂತ ತುಸು ಕಡಿಮೆ ಕೊಡುತ್ತ ನಡೆಯುವುದು ಲಾಭ. ಈ ಹೊರ ಲೂಪಿಗೆ ಐದರಿಂದ ಹತ್ತು ಸೆಕೆಂಡಿನ ಫಿಲ್ಟರ್ ಇರಲಿ. ಎರಡು ಇನ್ವರ್ಟರ್‌ಗಳಿಗೆ ಬೇರೆ ಬೇರೆ ಕಾಲ ಕೊಡಿ, ಒಂದಕ್ಕೆ 5, ಇನ್ನೊಂದಕ್ಕೆ 9. ಇಲ್ಲದಿದ್ದರೆ ಒಟ್ಟಿಗೇ ಇಳಿದು ಒಟ್ಟಿಗೇ ಏರುತ್ತ ಜೋಕಾಲಿ ಆಡುತ್ತವೆ.

ನಿಜವಾದ ಮದ್ದು ದಪ್ಪ ತಂತಿ, ಅಥವಾ ಟಿ.ಸಿ.ಯನ್ನು ಹತ್ತಿರಕ್ಕೆ ತರುವುದು. ನಿಮ್ಮ ಅಳತೆಯ ಹಾಳೆಯನ್ನು ಅರ್ಜಿಗೆ ಲಗತ್ತಿಸಿ. ಬರಿಯ ದೂರಿಗಿಂತ ರೋಧ 0.35 ಓಮ್ ಎಂಬ ಸಂಖ್ಯೆಗೆ ತೂಕ ಹೆಚ್ಚು.

ಮುಟ್ಟಬಾರದ ಒಂದು ಸೆಟ್ಟಿಂಗ್

ಪದೇ ಪದೇ ಟ್ರಿಪ್ ಆಗುವ ಇನ್ವರ್ಟರ್‌ಗೆ ರಕ್ಷಣೆಯ ಮಿತಿಗಳನ್ನು ಸಡಿಲಿಸಿಕೊಡಿ, ಐಲ್ಯಾಂಡಿಂಗ್ ತಡೆಯನ್ನು (ಗ್ರಿಡ್ ಹೋದಾಗ ಇನ್ವರ್ಟರನ್ನು ನಿಲ್ಲಿಸುವ ರಕ್ಷಣೆ) ಆರಿಸಿಬಿಡಿ ಎಂದು ಮಾಲೀಕರು ಕೇಳುತ್ತಾರೆ. ಮಾಡಿಕೊಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಆಷಾಢದ ಮಳೆಯಲ್ಲಿ ಕೊಂಬೆ ಬಿದ್ದು ತಂತಿ ಹರಿದಾಗ ಲೈನ್‌ಮನ್ ಟಿ.ಸಿ. ಆರಿಸಿ ಕಂಬ ಹತ್ತುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಇನ್ವರ್ಟರ್ ಲೈನನ್ನು ಜೀವಂತವಾಗಿ ಹಿಡಿದಿದ್ದರೆ ಅವರು ಮನೆಗೆ ಮರಳುವುದಿಲ್ಲ.

ಹದಗೊಳಿಸುವ ಕೆಲಸ ಮುಗಿದ ಮೇಲೆ ಇದನ್ನೇ ಕೊನೆಯ ಪರೀಕ್ಷೆಯಾಗಿ ಮಾಡಿ. ಇನ್ವರ್ಟರ್ ಕೊಡುವಷ್ಟನ್ನೇ ಘಟಕದೊಳಗಿನ ಹೀಟರ್, ಮೋಟಾರ್‌ಗಳು ಎಳೆಯುವಂತೆ ಹೊಂದಿಸಿ, ಮುಖ್ಯ ಸ್ವಿಚ್ ತೆಗೆಯಿರಿ. ಎರಡು ಸೆಕೆಂಡಿನೊಳಗೆ ಇನ್ವರ್ಟರ್ ನಿಲ್ಲಬೇಕು. ಎರಡು ಇನ್ವರ್ಟರ್‌ಗಳಿದ್ದರೆ ಎರಡನ್ನೂ ಒಟ್ಟಿಗೆ ನಡೆಸಿ ಇನ್ನೊಮ್ಮೆ ಮಾಡಿ, ಏಕೆಂದರೆ ಒಂದು ಇನ್ನೊಂದನ್ನು ಗ್ರಿಡ್ ಎಂದು ತಿಳಿಯುವ ಸಾಧ್ಯತೆ ಇದೆ. ಪಿ.ಎಲ್.ಎಲ್. ನಿಧಾನಗೊಳಿಸಿದ ನಂತರ ಈ ಪರೀಕ್ಷೆ ಬಿಡುವಂತೆಯೇ ಇಲ್ಲ.

ಲೈನಿನ ರೋಧ, ರಿಯಾಕ್ಟೆನ್ಸ್, ಅನುರಣನದ ಆವರ್ತನ, ಎಲ್ಲ ಗೇನ್‌ಗಳು, ಅಳೆದ ದಿನಾಂಕ, ಇವನ್ನು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿ ಪ್ಯಾನಲ್ ಬಾಗಿಲಿನ ಒಳಗೆ ಅಂಟಿಸಿ. ಟಿ.ಸಿ. ಬದಲಾದಾಗ, ತಂತಿ ಬದಲಾದಾಗ, ಅದೇ ಲೈನಿಗೆ ಇನ್ನೊಂದು ಸೌರ ಘಟಕ ಬಂದಾಗ ಮೊದಲ ಹೆಜ್ಜೆಯಿಂದ ಮತ್ತೆ ಅಳೆಯಿರಿ.